ಇಳಿಜಾರಿನ ಕಿವಿ

ಲಾರಿ ಕಾಣುವ ಮೊದಲೇ ನನಗೆ ಕೇಳುತ್ತದೆ.
ನಕುರು ದಾರಿಯ ಈ ಇಳಿಜಾರಿನ ಬುಡದಲ್ಲಿ
ಹನ್ನೆರಡು ವರ್ಷ ಮೆಕ್ಕೆಜೋಳ ಸುಟ್ಟವಳ ಕಿವಿ ಇದು.

ಗೇರಿನಲ್ಲಿ ಇಳಿಯುವ ಲಾರಿ
ನಿದ್ದೆಗೆಟ್ಟ ಮುದುಕಿಯ ಹಾಗೆ ಗೊಣಗುತ್ತ,
ತಡೆದು ತಡೆದು ಗೊಣಗುತ್ತ ಬರುತ್ತದೆ.
ಅದಕ್ಕೆ ನಾನು ತಲೆ ಎತ್ತುವುದಿಲ್ಲ.
ಹೆದರಿಕೆ ಏನಿದ್ದರೂ ಸುಮ್ಮನೆ ಬರುವುದರದು.
ಟೈರಿನ ಸರ್ರನೆ ಸದ್ದು, ಟಾರ್ಪಾಲಿನ ಪಟಪಟ,
ಅಷ್ಟೇ.

ಮುನ್ಯಾವೊ ಹಾಗೆ ಇಳಿಯುತ್ತಿದ್ದ.
ಕಂಪಾಲಾದ ಕಾಫಿ ಮೂಟೆ, ಮೊಂಬಾಸಾದ ಹಡಗಿಗೆ.
ನೆತ್ತಿಯಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್ಲಿಗೆ ತಳ್ಳಿ
"ಗುಡ್ಡ ಪುಕ್ಕಟೆ ಕೊಟ್ಟದ್ದನ್ನು ಬೇಡ ಅನ್ನಬಾರದು, ಜೆರೋನೊ"
ಎನ್ನುತ್ತ ಹಳದಿ ಕ್ಯಾನು ಇಳಿಸುತ್ತಿದ್ದ.
ಹತ್ತು ಲೀಟರು, ಒಮ್ಮೊಮ್ಮೆ ಹದಿನೈದು.
ಮಾಲೀಕ ಅಳೆದು ಕೊಟ್ಟದ್ದರಲ್ಲಿ ಉಳಿಸಿದ್ದು.
ಬಂಕಿಗಿಂತ ಮೂವತ್ತು ಶಿಲ್ಲಿಂಗು ಅಗ್ಗ.
ಹಿತ್ತಲಲ್ಲಿ ನನ್ನದೊಂದು ಹಿಟ್ಟಿನ ಗಿರಣಿ.
ಸುಳ್ಳು ಯಾಕೆ ಹೇಳಲಿ,
ಊರಿನ ಅರ್ಧ ಉಗಾಲಿಯ ಹಿಟ್ಟು
ಆ ಮೌನದಲ್ಲೇ ಬೀಸಿದ್ದು.

ಆ ಸಂಜೆ ಮೊದಲು ಬಂದದ್ದು ವಾಸನೆ.
ನನ್ನ ಕೆಂಡದ್ದಲ್ಲ. ಸುಟ್ಟ ಬ್ರೇಕಿನದು,
ಗಂಟಲಿಗೆ ಅಂಟುವಂಥದ್ದು.
ತಲೆ ಎತ್ತಿದೆ.
ತಿರುವಿನಲ್ಲಿ ಲಾರಿ, ಅದರ ಬಾಲಕ್ಕೆ ಅಂಟಿಕೊಂಡು
ಸೋಪು ಮಾರುವವನ ಪುಟ್ಟ ಕಾರು.
ಅವನೂ ಉಳಿಸುತ್ತಿದ್ದ, ಪಾಪ,
ದೊಡ್ಡದರ ಬೆನ್ನಿಗೆ ನಿಂತರೆ ಗಾಳಿ ತಾಕುವುದಿಲ್ಲ,
ಪೆಟ್ರೋಲು ಕಡಿಮೆ ಸಾಕು ಅಂತ.
ಮುಂದೆ ಏನಾಗುತ್ತಿದೆ ಅವನಿಗೆ ಹೇಗೆ ಕಾಣಬೇಕು?
ಅವನ ಜಗತ್ತೇ ಒಂದು ಟಾರ್ಪಾಲು.

ಹಾರ್ನು ಮಾತ್ರ ಜೀವಂತ ಇತ್ತು.
ಸ್ಟೇರಿಂಗು ಕಲ್ಲಾಗಿತ್ತು,
ಪೆಡಲು ತುಳಿದು ತುಳಿದು ಟ್ಯಾಂಕಿನ ಗಾಳಿ ಮುಗಿದಿತ್ತು
(ಇದೆಲ್ಲ ಆಮೇಲೆ ತಿಳಿದದ್ದು).
ನಾನು ಪಕ್ಕದಂಗಡಿಯ ಮಗುವನ್ನು ಕಂಕುಳಿಗೆ ಸಿಕ್ಕಿಸಿ ಓಡಿದೆ,
ಕೈಯಲ್ಲಿ ತೆನೆ ಹಾಗೇ ಇತ್ತು.
ರಸ್ತೆಯವರು ಸುರಿದು ಮರೆತ ಕೆಂಪು ಮಣ್ಣಿನ ಗುಡ್ಡೆಗೆ
ಲಾರಿ ಮೂಗು ತೂರಿ ನಿಂತಿತು.
ಸೋಪಿನವನು ಚರಂಡಿಗಿಳಿದ.
ಸತ್ತವರಿಲ್ಲ.

ಮುನ್ಯಾವೊ ಮಣ್ಣಿನ ಮೇಲೆ ಕೂತ. ಹಣೆಯಿಂದ ರಕ್ತ.
ನೀರು ಕೊಟ್ಟೆ, ಕುಡಿಯಲಿಲ್ಲ.
ಮೊದಲ ಮಾತು ಇದು:
"ನಿನ್ನ ಕ್ಯಾನು ಹಿಂದೆ ಇದೆ. ಚೆಲ್ಲಿಲ್ಲ."

ಲಾರಿ ಎಳೆಯಲು ಬಂದದ್ದು ವಂಗೇಚಿ,
ಗ್ಯಾರೇಜಿನ ಹುಡುಗಿ, ಮೊಣಕೈವರೆಗೂ ಗ್ರೀಸು.
ನಕ್ಕಳು, ನಗುವ ಮಾತೇ ಅಲ್ಲ ಅದು.
"ಗೇರಿನಲ್ಲೇ ಇಟ್ಟು ಕಾಲೆತ್ತಿದ್ದರೂ
ಇಳಿಜಾರಿನಲ್ಲಿ ಇದು ಒಂದು ಹನಿ ಕುಡಿಯುತ್ತಿರಲಿಲ್ಲ.
ಚಕ್ರವೇ ಎಂಜಿನ್ ತಿರುಗಿಸುತ್ತದೆ, ಎಂಜಿನ್ ಚಕ್ರವನ್ನು ಹಿಡಿಯುತ್ತದೆ.
ಆರಿಸಿ ಉಳಿಸಿದ್ದು ಸೊನ್ನೆ."

ಹಾಗಾದರೆ ನಾನು ಇಷ್ಟು ವರ್ಷ ಕೊಂಡದ್ದು ಏನು?

ರಾತ್ರಿ ಅದನ್ನೇ ಲೆಕ್ಕ ಹಾಕಿದೆ.
ಒಮ್ಮೆ ಅವನ ಲಾರಿಯಲ್ಲಿ ಎಲ್ಡೊರೆಟ್ಟಿಂದ ಬಂದಿದ್ದೆ.
ಕತ್ತೆಗಾಡಿ ದೂರದಲ್ಲಿ ಚುಕ್ಕೆಯಾಗಿರುವಾಗಲೇ ಕಾಲೆತ್ತುತ್ತಿದ್ದ.
ತೂಕದ ಸಾಲಿನಲ್ಲಿ ಎಂಜಿನ್ ಆರಿಸಿ ಬೀಡಿ ಹಚ್ಚುತ್ತಿದ್ದ.
ಬೆಳಿಗ್ಗೆ ಪ್ರತಿ ಟೈರಿಗೂ ಕೋಲಿನಿಂದ ಬಡಿದು
ದನಿ ಕೇಳಿ ಗಾಳಿ ಹೇಳುತ್ತಿದ್ದ.
ಯಾರನ್ನೂ ಹಿಂದೆ ಹಾಕುವ ಹಟ ಅವನಿಗಿರಲಿಲ್ಲ.
ಹನಿ ಹನಿ ಕೂಡಿದ್ದು ಅಲ್ಲಿ,
ಯಾರೂ ಹೊಗಳದ ಆ ಸಪಾಟು ದಾರಿಯಲ್ಲಿ.
ಗುಡ್ಡ ಕೊಟ್ಟಿರಲೇ ಇಲ್ಲ. ಗುಡ್ಡ ಕೇಳುತ್ತಿತ್ತು.

ಕ್ಯಾನು ಇನ್ನೂ ಮೂಲೆಯಲ್ಲಿದೆ.
ಗಿರಣಿಗೆ ಸುರಿಯಲು ಕೈ ಬಂದಿಲ್ಲ,
ಚೆಲ್ಲಲೂ ಬಂದಿಲ್ಲ. ಡೀಸೆಲ್ಲು ಡೀಸೆಲ್ಲೇ.

ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ.
ನೆತ್ತಿಯಲ್ಲಿ ಯಾವುದೋ ದೀಪ, ಜೊತೆಗೆ ಏನೂ ಇಲ್ಲ.
ಉಸಿರು ಹಿಡಿದು ಎಣಿಸುತ್ತೇನೆ: ಮೂರು, ನಾಲ್ಕು...
ಆಮೇಲೆ ಗೇರು ಕಚ್ಚಿದ ಸದ್ದು,
ಗೊಣಗಾಟ.

ಮಗ್ಗುಲು ಬದಲಿಸುತ್ತೇನೆ.