ಇನ್ನೊಂದು ಸುತ್ತು

ಬಸರಾಳಿನ ಹಿಟ್ಟಿನ ಮಿಲ್ಲಿನಲ್ಲಿ
ಯಾರ ಮಾತೂ ಯಾರಿಗೂ ಕೇಳುವುದಿಲ್ಲ.
ಬೆಲ್ಟು ಒಂದು ಸಲ ತಿರುಗಿತೆಂದರೆ
ಗೋಡೆಯ ಮೇಲಿನ ಮಾದಪ್ಪನ ಪಟವೂ ಗಡಗಡ.
ಆ ಸದ್ದಿನೊಳಗೇ ನಾನು ಮೊದಲು ಬಾಯಿ ಬಿಟ್ಟೆ.
ಹೊಂಬಾಳೆ, ಹಿಟ್ಟು ಸುರಿಯುವ ಬಟ್ಟೆಯ ಸೊಂಡಿಲು ಹಿಡಿದು
ನನ್ನ ತುಟಿಯನ್ನಷ್ಟೇ ನೋಡುತ್ತಿದ್ದಳು.
ಹುಬ್ಬು, ರೆಪ್ಪೆ, ಮೂಗುಬೊಟ್ಟು, ಎಲ್ಲ ರಾಗಿಯ ಬಣ್ಣ.
ಎಷ್ಟು ಕೇಳಿಸಿತೋ, ಎಷ್ಟು ಊಹಿಸಿದಳೋ.
ಹೊರಗೆ ಬೈಕಿನ ಮೇಲೆ ಕೂತು ಹಾರ್ನು ಹೊಡೆಯುತ್ತಿದ್ದವನಿಗೆ
ಬಾಗಿಲಿಗೆ ಬಂದು ಕೂಗಿದಳು:
"ತರಿ ತರಿ ಅದೆ ಕಣಣ್ಣ, ಇನ್ನೊಂದು ಸುತ್ತು ಬುಡ್ಬೇಕು."

ನುಣ್ಣಗೇ ಇತ್ತು ಹಿಟ್ಟು.
ಬೆರಳಲ್ಲಿ ಮುಟ್ಟಿ ನೋಡಿದ್ದೆ.

ಕೆನ್ನೆ ಕಂದಿದ್ದ ಇನ್ನೊಂದು ವಾರ
"ಕೊಟ್ಟಿಗೆ ಬಾಗ್ಲು ತಗುಲ್ತು" ಅಂದೆ.
ಸೇರು ಗೀರಿ ಮಟ್ಟ ಮಾಡುತ್ತಾ ಅಂದಳು,
"ಆ ಬಾಗ್ಲು ನಮ್ಮನೇಲೂ ಇತ್ತು ಕಣೆ."
ಅಷ್ಟೇ. ಮುಂದಿನ ಡಬ್ಬಕ್ಕೆ ಕೈ ಹಾಕಿದಳು.

ಅಂದಿನಿಂದ ಪ್ರತಿ ಸಲದ ರಾಗಿಯಲ್ಲಿ
ಒಂದು ಅಚ್ಚೇರು ಪಕ್ಕಕ್ಕೆ.
ಮನೆಯಲ್ಲಿ ತೂಗಿ ನೋಡುವ ಗಂಡಸಿಗೆ
"ಸವಕಳಿ" ಅನ್ನಬೇಕೆಂದು ಅವಳೇ ಕಲಿಸಿದಳು.
ಸಂಸಾರ ಅಂದ್ಮೇಲೆ ಒಂಚೂರು ಸವೀಬೇಕವ್ವ ಅಂತ
ನಮ್ಮವ್ವನೂ ಅಂದಿದ್ದಳು,
ತವರಿಗೆ ಓಡಿಹೋದವಳನ್ನು ಮಾರನೆಯ ಬೆಳಗ್ಗೆಯೇ
ಬಸ್ಸು ಹತ್ತಿಸುವಾಗ.
ಹೊಂಬಾಳೆ ಸವೆದದ್ದನ್ನು ಮಾರಿ
ಚಿಲ್ಲರೆ ಕೂಡಿಟ್ಟಳು, ಸೀಗೆಪುಡಿಯ ಡಬ್ಬದಲ್ಲಿ.
ಮುಚ್ಚಳ ತೆಗೆದರೆ ಸೀನು, ಯಾವನೂ ಕೈ ಹಾಕುವುದಿಲ್ಲ.

ಶುಕ್ರವಾರ ಮೆಣಸಿನಕಾಯಿ ಬೀಸುವ ದಿನ.
ಅಳುವುದಕ್ಕೆ ಅಂದು ಯಾರೂ ಕಾರಣ ಕೇಳುವುದಿಲ್ಲ.
ಕೆಂಪಾಜಮ್ಮ ಅಳುತ್ತಿದ್ದಳು, ಜುಲೇಖಾ ಅಳುತ್ತಿದ್ದಳು,
ಅಂಗನವಾಡಿ ಟೀಚರು ಕೂಡ, ಸೆರಗಿನ ತುದಿ ಕಣ್ಣಿಗೊತ್ತಿ.
ಅವರಲ್ಲಿ ಯಾರದು ಬರೀ ಖಾರ,
ಲೆಕ್ಕ ಹಾಕಲು ಹೋಗಲಿಲ್ಲ.

ಕಾರ್ತೀಕದ ಒಂದು ರಾತ್ರಿ ಒಂದೂವರೆಗೆ
ತ್ರೀ ಫೇಸ್ ಕರೆಂಟು ಬಂತು.
ಗದ್ದೆಯ ಮೋಟರುಗಳೆಲ್ಲ ಒಟ್ಟಿಗೆ ಗುಂಯ್ ಅಂದವು.
ನನ್ನ ಜಡೆ ಅವನ ಮುಂಗೈಗೆ ಎರಡು ಸುತ್ತು.
ಕೂಗಲಿಲ್ಲ. ಕೂಗಿದರೆ ಮಗು ಏಳುತ್ತದೆ.
ಮೂರು ಮನೆಯಾಚೆ ಮಿಲ್ಲು ಶುರುವಾಯಿತು,
ಕಾಳಿಲ್ಲದೆ, ಕಲ್ಲು ಕಲ್ಲನ್ನೇ ತಿನ್ನುವ ಸದ್ದು,
ಹಲ್ಲು ಜುಮ್ಮೆನ್ನುವಂಥದ್ದು.
ಕಿಟಕಿಗಳಲ್ಲಿ ಬಲ್ಬು, ಒಂದರ ಹಿಂದೊಂದು.

ಡಬ್ಬ ಹಿಡಿದು ಬಂದರು ಹೆಂಗಸರು.
"ಕರೆಂಟು ಬಂತಲ್ಲ, ಬೀಸುಸ್ಕೊಂಡ್ ಹೋಗಾಣ ಅಂತ"
ಅನ್ನುತ್ತಾ ಸಾಲಾಗಿ ಇಟ್ಟರು,
ನಮ್ಮ ಜಗಲಿಯ ಮೇಲೆಯೇ.
ಅರ್ಧಕ್ಕರ್ಧ ಖಾಲಿ ಡಬ್ಬ, ಇಟ್ಟ ಸದ್ದಿನಲ್ಲೇ ಗೊತ್ತಾಗುತ್ತಿತ್ತು.
ಅವನನ್ನು ಯಾರೂ ಬೈಯಲಿಲ್ಲ.
ಕೆಂಪಾಜಮ್ಮ ಎಲೆಗೆ ಸುಣ್ಣ ಸವರುತ್ತಾ ಹೊಸ್ತಿಲ ಮೇಲೆ ಕೂತಳು,
ಕಾಗೆ ಕೂಗುವವರೆಗೂ ಏಳಲಿಲ್ಲ.
ಜುಲೇಖಾ ಮಗುವನ್ನು ಎತ್ತಿಕೊಂಡಳು.
ಜಡೆ ಯಾವಾಗ ಸಡಿಲವಾಯಿತೋ ತಿಳಿಯಲಿಲ್ಲ.
ಹೊಂಬಾಳೆ ಬಂದದ್ದು ಎಲ್ಲರಿಗಿಂತ ಕೊನೆಗೆ,
ಕಂಕುಳಲ್ಲಿ ಸೀಗೆಪುಡಿಯ ಡಬ್ಬ.

ಆರು ಸಾವಿರದ ಮುನ್ನೂರ ನಲವತ್ತು.
ಮಂಡ್ಯದ ಮೊದಲ ಬಸ್ಸಿನಲ್ಲಿ
ಟಿಕೆಟ್ಟಿಗೆಂದು ನೋಟು ಬಿಡಿಸುವಾಗ
ನಾನೂ ಸೀನಿದೆ, ಕಂಡಕ್ಟರೂ ಸೀನಿದ.

ಈಗ ಗುತ್ತಲು ರಸ್ತೆಯ ಹಾಸ್ಟೆಲಿನಲ್ಲಿ
ಎಂಬತ್ತು ಹುಡುಗಿಯರಿಗೆ ಮುದ್ದೆ ತಿರುವುತ್ತೇನೆ.
ಕೇಸು ನಡೆಯುತ್ತಿದೆ, ಹೋದ ಸಲವೂ ಅವನ ವಕೀಲ ಬರಲಿಲ್ಲ.
ಹಾಸ್ಟೆಲಿನ ಎದುರೇ ಒಂದು ಮಿಲ್ಲಿದೆ, ಆದರೂ
ನನ್ನ ಮನೆಯ ರಾಗಿ ಹೊತ್ತು ಬಸರಾಳಿಗೇ ಹೋಗುತ್ತೇನೆ.

ಮೊನ್ನೆ ಅವಳು ನಡುವಿನಲ್ಲೇ ಸ್ವಿಚ್ಚು ಆರಿಸಿದಳು.
ಬೆಲ್ಟು ಉಸಿರೆಳೆದು ನಿಂತಿತು.
"ನಿಂಗೊಂದು ಹೇಳ್ಬೇಕು ಕಣೆ" ಅಂದಳು,
"ಆವತ್ತು ಬಾಗ್ಲು ಅಂದಿದ್ನಲ್ಲ."
ಏಳು ವರ್ಷದಲ್ಲಿ ಮೊದಲ ಸಲ
ಸದ್ದಿಲ್ಲದ ಜಾಗದಲ್ಲಿ ಅವಳ ದನಿ ಕೇಳಿದೆ.
ಇಷ್ಟು ಸಣ್ಣ ದನಿಯೇ.

ಹೊರಗೆ ಬಸ್ಸಿನವನು ಹಾರ್ನು ಹೊಡೆಯುತ್ತಿದ್ದ.
ಬಾಗಿಲಿಗೆ ಬಂದು ಕೂಗಿದೆ,
"ನೀವ್ ಹೋಗಿ ಅಣ್ಣ. ಇನ್ನೊಂದು ಸುತ್ತು ಅದೆ."