ಹಾಗೊಂದು ವೇಳೆ

ಚೀಟಿಗೆ ನಲವತ್ತು ರೂಪಾಯಿ.
ಹಗಲೆಲ್ಲ ಕೋರ್ಟಿನೆದುರಿನ ಡಿಟಿಪಿ ಅಂಗಡಿಯಲ್ಲಿ
‘ಮೇಲ್ಕಂಡ ಸಂಗತಿಗಳೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ’
ಎಂದು ಊರವರ ಪರವಾಗಿ ಕುಟ್ಟುವ ಇವೇ ಬೆರಳು
ರಾತ್ರಿ ಊಟವಾದ ಮೇಲೆ
ಆಗದ್ದನ್ನು, ಆಗಲಾರದ್ದನ್ನು ಬರೆಯುತ್ತವೆ:

ತುಂಗೆ ಒಂದು ಸೋಮವಾರ ಹಿಂದಕ್ಕೆ ಹರಿದರೆ?
ನಿಮ್ಮ ನೆರಳು ಪಕ್ಕದ ಮನೆಯವರ ಬೆನ್ನು ಹತ್ತಿದರೆ?
ಸುಳ್ಳು ಹೇಳಿದ ಕೂಡಲೇ ಮೀಸೆ ಬಂದರೆ,
ಹೆಂಗಸರಿಗೂ?

ಆಷಾಢ. ಮದುವೆಗಳಿಲ್ಲದ ದುರ್ಗಿಗುಡಿಯ ಮಂಟಪ
ಕೇಬಲ್ಲಿನವರಿಗೆ ಅರ್ಧ ಬಾಡಿಗೆಗೆ ಸಿಕ್ಕಿದೆ.
ವಧೂವರರ ಸಿಂಹಾಸನದಲ್ಲಿ ತೀರ್ಪುಗಾರರಿಬ್ಬರು
ಒಬ್ಬರನ್ನೊಬ್ಬರು ಮುಟ್ಟದಂತೆ ಕೂತಿದ್ದಾರೆ.
ಉಪ್ಪಿನಕಾಯಿ ಜಾಡಿಯೊಳಗೆ ನನ್ನ ಚೀಟಿಗಳು.
ನಿರೂಪಕ ಪ್ರಭಂಜನ, ಕಡ ತಂದ ಕೋಟಿನಲ್ಲಿ, ನಿಯಮ ಹೇಳುತ್ತಾನೆ:
ಮೊದಲು ಎತ್ತಿದ ಚೀಟಿಯೇ ಎಲ್ಲರಿಗೂ.
ತಲಾ ಮೂರು ನಿಮಿಷ.
ಈ ರಂಗದ ಮೇಲೆ ಯಾರೂ ‘ಆಗಲ್ಲ’ ಅನ್ನುವ ಹಾಗಿಲ್ಲ.

ಅವತ್ತು ಬಂದದ್ದು:
ಭೂಮಿ ತನ್ನ ಸೆಳೆತವನ್ನು ಒಂದು ಗಂಟೆ ಕೈಬಿಟ್ಟರೆ?

ವಿಮೆ ಏಜೆಂಟ್ ಹಾಲಪ್ಪ ಗಾಳಿಯಲ್ಲಿ ಈಜಿದ.
‘ಮೇಲೆ ಹೋಗೋರಿಗೆ ಇವತ್ತು ಪ್ರೀಮಿಯಂ ಕಮ್ಮಿ!’
ಚಪ್ಪಾಳೆಗೆ ಮಂಟಪದ ಪಾರಿವಾಳ ಎದ್ದವು.
ಕಾಲೇಜಿನ ಅಶ್ಫಿಯಾ ತೇಲುವ ಚಟ್ನಿಯ ಹನಿಗಳನ್ನು
ಮೀನಿನ ಹಾಗೆ ಬಾಯಿ ತೆರೆದು ಹಿಡಿದಳು.
ನಿವೃತ್ತ ಡ್ರಿಲ್ ಮೇಷ್ಟ್ರು ಅಂತರದಲ್ಲೇ ‘ಸಾವಧಾನ್’ ಅಂದರು,
‘ವಿಶ್ರಾಮ್’ ಅನ್ನುವುದರೊಳಗೆ ಗಂಟೆ ಬಡಿಯಿತು.

ಆಮೇಲೆ ಥಾವರಿಬಾಯಿ.
ಶಿಕಾರಿಪುರದ ಕಡೆಯ ತಾಂಡಾದವಳು. ವಿನೋಬನಗರದಲ್ಲಿ
ಏಳುತ್ತಿರುವ ಕಟ್ಟಡಕ್ಕೆ ಜಲ್ಲಿ ಹೊರುತ್ತಾಳೆ, ಮೂರನೇ ಅಂತಸ್ತಿನ ತನಕ.
ತಮಾಷೆಗೆಂದು ಹೆಸರು ಬರೆಸಿದ ಮೇಸ್ತ್ರಿ
ಮುಂದಿನ ಸಾಲಲ್ಲಿ ಮೊಬೈಲು ಎತ್ತಿ ಹಿಡಿದಿದ್ದ.

ಚೀಟಿ ಓದಿದರು. ಇನ್ನೊಮ್ಮೆ ಬಿಡಿಸಿ ಹೇಳಿದರು.
‘ಅಂದ್ರೆ ಯಾವುದಕ್ಕೂ ಭಾರ ಇರಲ್ವಾ?’
‘ಇರಲ್ಲ.’
‘ಜಲ್ಲಿಗೂ?’
‘ಜಲ್ಲಿಗೂ.’
‘ಇದು ಮೇಸ್ತ್ರಿಗೆ ಗೊತ್ತಾ?’
ಸಭೆ ಬಿದ್ದು ಬಿದ್ದು ನಕ್ಕಿತು.
ಅವಳು ಉತ್ತರಕ್ಕೆ ಕಾದಳು.

ಉತ್ತರ ಬರಲಿಲ್ಲ. ತಲೆಯ ಮೇಲಿನ ಸಿಂಬೆಯನ್ನು,
ಇಲ್ಲದ ಸಿಂಬೆಯನ್ನು,
ಇಳಿಸಿ, ಕೊಡವಿ, ಮಡಚಿ ಬದಿಗಿಟ್ಟು
ರಂಗದ ನಟ್ಟನಡುವೆ ಕಾಲು ಚಾಚಿ ಕೂತಳು.
ಇಪ್ಪತ್ತು ಸೆಕೆಂಡು. ಮೂವತ್ತು.
‘ಕೂರೋಕೆ ಆಗ...’ ಪ್ರಭಂಜನ ನಾಲಗೆ ಕಚ್ಚಿಕೊಂಡ.
‘ಅಮ್ಮಾ, ಸೆಳೆತ ಇಲ್ಲ, ತೇಲಿ ಹೋಗ್ತೀರಿ.’
‘ಹಂಗಾದ್ರೆ ಕಾಲು ಹಿಡ್ಕೋ ಅಣ್ಣ. ನಾನು ಕೂತ್ಕೋಬೇಕು.’

ನಿಯಮ ಅವನದೇ.
ಮೈಕು ನೆಲಕ್ಕಿಟ್ಟ. ಕಡ ತಂದ ಕೋಟು ಮಂಡಿಯೂರಿತು.
ಬಿರಿದ ಹಿಮ್ಮಡಿಗಳನ್ನು, ಕಾಲ್ಕಡಗದ ಕೆಳಗೆ,
ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ,
ನಿಜಕ್ಕೂ ಹಾರಿಹೋದಾಳೇನೋ ಎಂಬಂತೆ.
ನೆಲದ ಮೈಕಿನಲ್ಲಿ ಫ್ಯಾನಿನ ಸದ್ದು. ಯಾರದೋ ಉಸಿರು.
ಅವಳು ಕಣ್ಣು ಮುಚ್ಚಿದಳು.
ಹೆಗಲು ಒಂದಂಗುಲ ಮೇಲೆದ್ದಿತೋ ಕೆಳಗಿಳಿಯಿತೋ
ಪರದೆಯ ಸಂದಿಯಿಂದ ನನಗೆ ಸರಿಯಾಗಿ ಕಾಣಲಿಲ್ಲ.
ಗಂಟೆ ಬಾರಿಸುವ ಹುಡುಗ ಗಂಟೆ ಮರೆತ.
ಕೈ ನೋಯಿತೇನೋ, ಮೇಸ್ತ್ರಿ ಮೊಬೈಲು ಇಳಿಸಿದ.

ಹತ್ತಕ್ಕೆ ನಾಲ್ಕು. ‘ಚಲನೆ ಇಲ್ಲ, ಅಭಿನಯ ಸಾಲದು.’
ಮಿಕ್ಸಿ ಹಾಲಪ್ಪನಿಗೆ. ಅವಳಿಗೆ ಸಮಾಧಾನಕರ ಬಹುಮಾನ,
ಐದು ಲೀಟರಿನ ಕುಕ್ಕರು.
ಡಬ್ಬ ತೆಗೆದುಕೊಂಡವಳು ಮೆಟ್ಟಿಲ ತನಕ ಹೋಗಿ
ಏನೋ ನೆನಪಾಗಿ ವಾಪಸು ಬಂದಳು,
ಬದಿಗಿಟ್ಟ ಜಾಗದಿಂದ ಇಲ್ಲದ ಸಿಂಬೆಯನ್ನೆತ್ತಿ
ತಲೆಗಿಟ್ಟು, ಅದರ ಮೇಲೆ ಕುಕ್ಕರಿಟ್ಟು
ಕೈಬಿಟ್ಟು ನಡೆದಳು.

ರಾತ್ರಿ ಲೆಕ್ಕ ಮಾಡುವಾಗ ಪ್ರಭಂಜನ ಎರಡು ಇಪ್ಪತ್ತರ ನೋಟು ಕೊಟ್ಟ.
ಒಂದರ ಮೇಲೆ ಸಿಮೆಂಟು ಬಣ್ಣದ ಹೆಬ್ಬೆರಳು.
‘ಮುಂದಿನ ವಾರ ಇನ್ನೂ ಸ್ವಲ್ಪ
ಆಗಲಾರದ್ದು ಬರಿ ಮಾರಾಯ,’ ಅಂದ.