ಇಳಿತದ ಮರಳು

ಬೈತಖೋಲದಲ್ಲಿ ಬೋಟು ಬಂದು
ಆಯಿ ಬುಟ್ಟಿ ಹೊತ್ತು ಪೇಟೆಗೆ ನಡೆಯುವ ಹೊತ್ತಿಗೆ
ನಾನು ಕೋಡಿಬಾಗದ ದಂಡೆಯಲ್ಲಿ
ಹಿಮ್ಮಡಿಯಿಂದ ಮರಳು ಒತ್ತಿ ನೋಡುತ್ತೇನೆ.
ಅಲೆ ಈಗಷ್ಟೇ ಬಿಟ್ಟದ್ದು ಜಾರುತ್ತದೆ,
ಬಿಸಿಲು ಕಂಡದ್ದು ಪಾದ ನುಂಗುತ್ತದೆ.
ನಡುವಿನ ಹತ್ತು ಮಾರು ಮಾತ್ರ ನಮ್ಮದು,
ಅದೂ ಒಂದು ತಾಸಿನ ಮಟ್ಟಿಗೆ.

ಕೈತಾನ ಮಾಸ್ತರರು ಪಿ.ಟಿ. ಸೀಟಿ ಕೆಳಗಿಟ್ಟು ಆರು ವರ್ಷ.
ಎಡ ಮಣಿಕಟ್ಟು ಇವತ್ತಿಗೂ ಸೊಟ್ಟ.
ಯಾಕೆ ಸರ್ ಎಂದರೆ "ಇಪ್ಪತ್ತರ ವಯಸ್ಸು" ಎನ್ನುತ್ತಾರೆ, ಅಷ್ಟೇ.
ಹರಿದ ಬಲೆಯೊಳಗೆ ತೆಂಗಿನ ನಾರು ತುಂಬಿ
ಮೇಲೆ ಗೋಣಿ ಹೊಲಿದು ಗಾದಿ ಮಾಡಿದ್ದಾರೆ.
ಅದಕ್ಕೆ ಇನ್ನೂ ಬಂಗಡೆಯ ವಾಸನೆ.

ಲಾಗ ಕಲಿಯಲು ಹೋದವಳಿಗೆ
ಎರಡು ತಿಂಗಳು ಬೀಳುವುದನ್ನೇ ಕಲಿಸಿದರು.
ಗದ್ದ ಎದೆಗೆ. ಬೆನ್ನು ಆಮೆಯ ಚಿಪ್ಪು.
"ಕೈ ಊರಬೇಡ ಹುಡುಗಿ, ಕೈ ಊರಬೇಡ.
ನೆಲವನ್ನು ತಡೆಯೋಕೆ ಹೋಗಬೇಡ,
ಅದು ಎಲ್ಲೂ ಓಡಿಹೋಗೋದಿಲ್ಲ."
ಬಿದ್ದೆ, ಉರುಳಿದೆ, ಎದ್ದೆ, ಬಿದ್ದೆ.
ರಾತ್ರಿ ಜಡೆ ಬಿಚ್ಚಿದರೆ
ಚಾಪೆಯ ಮೇಲೆ ಒಂದು ಸಣ್ಣ ದಂಡೆ.

ಪ್ರಜ್ಯೋತ ಉಳ್ವೇಕರ ಮೊದಲ ದಿನವೇ ಹಾರಿದ,
ಮೊಬೈಲನ್ನು ಚಪ್ಪಲಿಗೆ ಒರಗಿಸಿಟ್ಟು.
ಈಗ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು
ಗಾದಿ ಎಳೆಯಲು ಬರುತ್ತಾನೆ,
ಯಾರಾದರೂ ಕರೆದರೆ ಇಡೀ ಮೈ ತಿರುಗಿಸುತ್ತಾನೆ.

ಟ್ರಾಲರು ಬಂದ್ ಆಗುವ ಮುಂಚಿನ ವಾರ
ಧಕ್ಕೆಯ ಪಾಚಿಯಲ್ಲಿ ಆಯಿ ಜಾರಿದಳಂತೆ.
ಓಡಿದೆ. ಆಗಲೇ ಕೂತು ಸೆರಗು ಹಿಂಡುತ್ತಿದ್ದಳು.
ಒಂದು ಗೀರಿಲ್ಲ. ಸುತ್ತ ಬಂಗಡೆ, ಬಂಗಡೆಯ ಸುತ್ತ ಕಾಗೆ.
ಹೇಗೆ ಬಿದ್ದೆ ಆಯಿ?
"ಹೇಗೆ ಅಂದರೆ? ಬುಟ್ಟಿ ಬಿಟ್ಟೆ. ಮೈ ಬಿಟ್ಟೆ. ಉರುಳಿದೆ.
ಕೈ ಊರಿದರೆ ಕೈ ಹೋಗ್ತದೆ,
ಮೀನು ನಾಳೆಯೂ ಬರ್ತದೆ."
ನನ್ನ ಎರಡು ತಿಂಗಳನ್ನು ಅವಳು
ಸೆರಗಿನ ನೀರಿನ ಜೊತೆ ಹಿಂಡಿ ಚೆಲ್ಲಿದಳು.

ಸಂಜೆ ಮಾಸ್ತರರ ಅಂಗೈ ಸೊಂಟದ ಹಿಂದೆ ಇತ್ತು.
ತಾಗಲಿಲ್ಲ; ಇದೆಯೆಂದು ಗೊತ್ತಿತ್ತು,
ಕತ್ತಲಲ್ಲಿ ಮನೆಯ ಗೋಡೆ ಗೊತ್ತಿರುವ ಹಾಗೆ.
ತೋಳು ಮೇಲಕ್ಕೆ. ಕಣ್ಣು ಕೂರ್ಮಗಡದ ಮೇಲೆ,
ಬೇಗ ಹಿಂದೆ ನೋಡಿದರೆ ಕೆಟ್ಟೆ.
ಮಂಡಿ ಎದೆಗೆ ಬಂತು.
ಕೂರ್ಮಗಡ ಹೋಯಿತು.
ಆಕಾಶ ಬಂತೋ ಇಲ್ಲವೋ, ನೋಡಲು ಪುರಸೊತ್ತಿರಲಿಲ್ಲ.
ಮರಳು ಬಂತು. ಕಾಲ ಕೆಳಗೇ ಬಂತು.

ಪ್ರಜ್ಯೋತ ಇಡೀ ಮೈಯಿಂದ ಕುಣಿದ.
ಮಾಸ್ತರರು ಕುಕ್ಕರಗಾಲಲ್ಲಿ ಕೂತು
ನನ್ನ ಹೆಜ್ಜೆ ಗುರುತು ನೋಡಿದರು:
"ಎಡಗಾಲು ತಡ."

ಇನ್ನೊಮ್ಮೆ ಸರ್, ಎಂದೆ. ಮೈಯೆಲ್ಲ ಇನ್ನೊಮ್ಮೆ ಎನ್ನುತ್ತಿತ್ತು.
ಅಷ್ಟರಲ್ಲಿ ಗುರುತಿನೊಳಗೆ ನೀರು ಬಂದು ನಿಂತಿತು.
ಅವರು ಗಾದಿಯ ಒಂದು ಮೂಲೆ ಎತ್ತಿದರು.
"ಭರತ ಏರ್ತಾ ಇದೆ.
ನಾಳೆ ಐವತ್ತು ನಿಮಿಷ ತಡವಾಗಿ ಬಾ."